ಡಬ್ಬಿ ಕೊಂಡವನಿಗೆ ಸಾಫ್ಟ್‌ವೇರ್ ಆರಿಸುವ ಹಕ್ಕೆಲ್ಲಿ?

ಮದುವೆ ಸೀಜನ್ನು ಶುರುವಾಯಿತೆಂದರೆ ದಾವಣಗೆರೆಯ ಕಲ್ಯಾಣ ಮಂಟಪಗಳ ಮುಂದೆ ಸಂಜೆ ನಾಲ್ಕಕ್ಕೇ ಟೆಂಪೋಗಳು ಬಂದು ನಿಲ್ಲುತ್ತವೆ. ಬಾಕ್ಸು, ಆಂಪ್ಲಿಫೈಯರು, ಲೈಟಿನ ಕಂಬ, ವೈರಿನ ಸುರುಳಿ ಎಲ್ಲ ಇಳಿದ ಮೇಲೆ ಹಳೇ ಟವೆಲ್ಲಿನಲ್ಲಿ ಸುತ್ತಿದ ಒಂದು ಲ್ಯಾಪ್‌ಟಾಪು. ನೋಡುವವರ ಕಣ್ಣೆಲ್ಲ ಬಾಕ್ಸಿನ ಮೇಲೆ. "ಎಷ್ಟು ಬಾಕ್ಸ್ ತಂದೀಯಪ್ಪಾ, ಹದಿನೈದಿಂಚಿಂದಾ ಹದಿನೆಂಟಿಂಚಿಂದಾ?" ಅಂತ ಹೆಣ್ಣಿನ ಕಡೆಯ ಹಿರಿಯರೂ ವಿಚಾರಿಸುತ್ತಾರೆ. ಟವೆಲ್ಲಿನೊಳಗೆ ಯಾವ ಸಾಫ್ಟ್‌ವೇರ್ ಇದೆ ಅಂತ ಕೇಳುವವರು ಒಬ್ಬರೂ ಇಲ್ಲ. ಆದರೆ ರಾತ್ರಿ ಎಂಟೂವರೆಗೆ, ಗಂಡು ಹೆಣ್ಣು ಸ್ಟೇಜು ಹತ್ತುವ ಹೊತ್ತಿಗೆ ಹಾಡು ಗಪ್ಪಂತ ನಿಂತರೆ, ಅದು ನಿಲ್ಲುವುದು ಬಾಕ್ಸಿನಿಂದಲ್ಲ. ನೂರಕ್ಕೆ ತೊಂಬತ್ತು ಸಲ ಆ ಟವೆಲ್ಲಿನೊಳಗಿನಿಂದಲೇ.

ಹಿಂದೆ ಹೋಟೆಲುಗಳಲ್ಲಿ ರಾಜಕುಮಾರ್ ದೊಡ್ಡೋರೋ ವಿಷ್ಣುವರ್ಧನ್ ದೊಡ್ಡೋರೋ ಅಂತ ಅರ್ಧ ಕಪ್ ಚಹಾಕ್ಕೆ ಒಂದು ತಾಸು ಜಗಳ ನಡೆಯುತ್ತಿತ್ತು. ಡಿ.ಜೆ. ಹುಡುಗರಲ್ಲಿ ಈಗ ಆ ಜಾಗಕ್ಕೆ ವರ್ಚುವಲ್ ಡಿಜೆ, ಸೆರಾಟೊ, ರೆಕಾರ್ಡ್‌ಬಾಕ್ಸ್, ಟ್ರಾಕ್ಟರ್ ಬಂದಿವೆ. ಒಬ್ಬನ ಪಾಲಿಗೆ ವರ್ಚುವಲ್ ಡಿಜೆ ಮಕ್ಕಳಾಟ. ಇನ್ನೊಬ್ಬನ ಪಾಲಿಗೆ ಸೆರಾಟೊ ದೊಡ್ಡಸ್ತಿಕೆ. ಈ ಜಗಳ ಕೇಳಿದವರಿಗೆ ಹುಡುಗರು ನಾಲ್ಕನ್ನೂ ತೂಗಿ ನೋಡಿ ಒಂದನ್ನು ಆರಿಸಿಕೊಂಡಿದ್ದಾರೆ ಅನ್ನಿಸಬೇಕು. ಅಲ್ಲಿಯೇ ಇರೋದು ಮೋಸ. ಆರಿಸುವ ಕೆಲಸವನ್ನು ಬೇರೆಯವರು ಆಗಲೇ ಮುಗಿಸಿ ಕೂತಿರುತ್ತಾರೆ.

ಈ ಕಸುಬು ಗೊತ್ತಿಲ್ಲದವರಿಗಾಗಿ ಎರಡು ಮಾತು. ಸಾಫ್ಟ್‌ವೇರ್ ಮಾಡುವ ಕೆಲಸ ಮೇಲುನೋಟಕ್ಕೆ ಸರಳ. ತೆರೆಯ ಮೇಲೆ ಎರಡು ಹಾಡು ಅಕ್ಕಪಕ್ಕ. ಒಂದು ಜನರಿಗೆ ಕೇಳುತ್ತಿರುತ್ತದೆ, ಇನ್ನೊಂದು ಡಿ.ಜೆ.ಯ ಕಿವಿಯ ಹೆಡ್‌ಫೋನಿನಲ್ಲಿ ತಯಾರಾಗುತ್ತಿರುತ್ತದೆ. ಎರಡರ ವೇಗವನ್ನೂ ಒಂದೇ ಮಾಡಿ, ತಾಳದ ಮೇಲೆ ತಾಳ ಕೂರಿಸಿ, ಕುಣಿಯುವವರ ಕಾಲು ನಿಲ್ಲದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಮೌಸಿನಲ್ಲಿ ಇದನ್ನು ಮಾಡುವುದು ಕಷ್ಟ. ಅದಕ್ಕೇ ಎರಡು ಚಕ್ರ, ನಾಲ್ಕಾರು ಗುಬುಟು ಇರುವ ಒಂದು ಡಬ್ಬಿ. ಅದರ ಹೆಸರು ಕಂಟ್ರೋಲರ್. ಹಾಡು ಇರುವುದು ಲ್ಯಾಪ್‌ಟಾಪಿನಲ್ಲಿ, ಕೈ ಇರುವುದು ಡಬ್ಬಿಯ ಮೇಲೆ, ನಡುವೆ ಸಾಫ್ಟ್‌ವೇರ್.

ನಾಲ್ಕೂ ಹುಟ್ಟಿದ್ದು ಬೇರೆ ಬೇರೆ ಕಡೆ, ಬೇರೆ ಬೇರೆ ಕೆಲಸಕ್ಕೆ. ಸೆರಾಟೊ ನ್ಯೂಜಿಲೆಂಡಿನ ಆಕ್ಲೆಂಡಿನದು. 2004ರಲ್ಲಿ ಅಮೆರಿಕದ ರೇನ್ ಕಂಪನಿಯ ಜೊತೆ ಸೇರಿ ಅವರು ಸ್ಕ್ರ್ಯಾಚ್ ಲೈವ್ ಅಂತ ತಂದರು. ತಟ್ಟೆ ತಿರುಗುತ್ತದೆ, ಮುಳ್ಳು ಓಡುತ್ತದೆ, ಆದರೆ ಆ ತಟ್ಟೆಯಲ್ಲಿ ಹಾಡೇ ಇಲ್ಲ! ಇರುವುದು ಬರೀ ಒಂದು ಸಂಕೇತ. ಬೆರಳಿನಿಂದ ತಟ್ಟೆಯನ್ನು ಹಿಂದಕ್ಕೆಳೆದರೆ ಕಂಪ್ಯೂಟರಿನಲ್ಲಿರುವ ಹಾಡು ಹಿಂದಕ್ಕೆ ಬರುತ್ತದೆ. ಅಮೆರಿಕದಲ್ಲಿ ಟೆಕ್ನಿಕ್ಸ್ ಎಸ್ಎಲ್-1200 ತಟ್ಟೆಯಂತ್ರದ ಮೇಲೆ ಕೈ ಪಳಗಿಸಿಕೊಂಡವರಿಗೆ ಇದು ವರವಾಯಿತು. ಆ ಯಂತ್ರ ಮೊದಲು ಬಂದದ್ದು 1972ರಲ್ಲಿ. ಮೂವತ್ತು ವರ್ಷ ಕಲಿತ ಕೈಚಳಕ ಬಿಡದೆ, ಪೆಟ್ಟಿಗೆಗಟ್ಟಲೆ ತಟ್ಟೆ ಹೊರುವುದನ್ನು ಮಾತ್ರ ಬಿಡಬಹುದಾಯಿತು. ಅಂಥವರು ಸೆರಾಟೊ ಬಿಡುವುದಿಲ್ಲ ಅಂದರೆ ಅದಕ್ಕೆ ಅರ್ಥವಿದೆ.

ಟ್ರಾಕ್ಟರ್ ಜರ್ಮನಿಯ ಬರ್ಲಿನ್ನಿನದು, ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಮಾಲು. ಹೆಸರು ಕೇಳಿ ನಗಬೇಡಿ. ಜರ್ಮನ್ ಭಾಷೆಯಲ್ಲಿ ಹೊಲ ಉಳುವ ಟ್ರ್ಯಾಕ್ಟರಿಗೂ ಅದೇ ಹೆಸರು. ಮಾತಿಲ್ಲದ, ಒಂದೇ ಸಮನೆ ಕುಟ್ಟುವ ಟೆಕ್ನೊ ಸಂಗೀತಕ್ಕೆ ಅದು ಹೇಳಿ ಮಾಡಿಸಿದ್ದು. ನಾಲ್ಕು ತುಣುಕು ಒಟ್ಟಿಗೆ ಓಡಿಸಿ ಮೇಲಿಂದ ಬಗೆಬಗೆಯ ಸದ್ದು ಸುರಿಯುವವರಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ ಅನ್ನುತ್ತಾರೆ. ಜಗಳೂರಿನ ಮದುವೆಗೆ ಅದರ ಉಪಯೋಗವೇನು ಅನ್ನುವುದು ಬೇರೆ ಮಾತು.

ರೆಕಾರ್ಡ್‌ಬಾಕ್ಸ್ ಜಪಾನಿನ ಪಯೋನಿಯರ್ ಕಂಪನಿಯದು, 2009ರಲ್ಲಿ ಬಂತು. ಮೊದಲಿಗೆ ಅದು ಹಾಡು ನುಡಿಸುವ ಸಾಫ್ಟ್‌ವೇರೇ ಅಲ್ಲ, ಹಾಡು ಜೋಡಿಸಿಡುವ ಕಪಾಟು. ಮನೆಯಲ್ಲಿ ಕೂತು ಹಾಡುಗಳ ವೇಗ ಅಳೆದು, ಗುರುತು ಹಾಕಿ, ಪೆನ್‌ಡ್ರೈವಿಗೆ ತುಂಬಿಕೊಂಡು ಹೋದರೆ ಕ್ಲಬ್ಬಿನಲ್ಲಿರುವ ಪಯೋನಿಯರ್ ಪ್ಲೇಯರಿಗೆ ಚುಚ್ಚಿದರಾಯಿತು. ಲ್ಯಾಪ್‌ಟಾಪೇ ಬೇಡ. ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಕ್ಲಬ್ಬುಗಳಲ್ಲಿ ನುಡಿಸುವವನು ಅದನ್ನೇ ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಯಂತ್ರ ಕ್ಲಬ್ಬಿನವರದು, ಇವನದು ಜೇಬಿನಲ್ಲಿರುವ ಎರಡು ಪೆನ್‌ಡ್ರೈವ್. ಕೆಟ್ಟರೆ ಕ್ಲಬ್ಬಿನವರ ತಲೆನೋವು.

ದಾವಣಗೆರೆ, ಹರಿಹರ, ಹೊನ್ನಾಳಿಯ ಹುಡುಗನ ಕಥೆಯೇ ಬೇರೆ. ಅವನು ಬಾಕ್ಸು ಹೊರಬೇಕು, ಜನರೇಟರು ನೋಡಬೇಕು, ಲೈಟು ಕಟ್ಟಬೇಕು, ಲ್ಯಾಪ್‌ಟಾಪು ಅವನದೇ, ಡಬ್ಬಿಯೂ ಅವನದೇ. ಮುಂದೆ ನಿಂತವರು ಒಂದೇ ವಯಸ್ಸಿನವರಲ್ಲ. ಮೊದಲು ಗಣಪತಿ ಸ್ತುತಿ, ಆಮೇಲೆ ಅಜ್ಜನಿಗೆ ರಾಜಕುಮಾರ್, ಸೋದರಮಾವನಿಗೆ ರವಿಚಂದ್ರನ್, ಹುಡುಗರಿಗೆ ಈ ವಾರ ಬಿಡುಗಡೆಯಾದದ್ದು, ನಡುವೆ ಊಟಕ್ಕೆ ಕರೆಯಲು ಮೈಕು. "ಏ ತಮ್ಮಾ, ಇದ್ರಾಗೊಂದು ಹಾಡೈತಿ ಹಾಕು" ಅಂತ ಯಾರೋ ಪೆನ್‌ಡ್ರೈವ್ ಕೊಡುತ್ತಾರೆ, ಇನ್ಯಾರೋ ಮೊಬೈಲೇ ಮುಂದೆ ಹಿಡಿಯುತ್ತಾರೆ. ಹಿಂದೆ ದೊಡ್ಡ ಎಲ್ಇಡಿ ಪರದೆ, ಅದಕ್ಕೆ ಹಾಡಿನ ವಿಡಿಯೋ ಬೇರೆ ಬೇಕು. ನಡುರಾತ್ರಿಗೆ ಹುಡುಗಿಯ ಅಣ್ಣನಿಗೆ ಸ್ವತಃ ಹಾಡುವ ಉಮೇದು ಬಂದರೆ ಕರೋಕೆ!

ಇಷ್ಟೂ ರಗಳೆಗೆ ಒಗ್ಗುವುದು ವರ್ಚುವಲ್ ಡಿಜೆ. ಆಟಮಿಕ್ಸ್ ಅನ್ನುವ ಕಂಪನಿ 2003ರಲ್ಲಿ ತಂದದ್ದು. ಆಡಿಯೋ, ವಿಡಿಯೋ, ಕರೋಕೆ ಒಂದರಲ್ಲೇ. ಯಾವ ಬಗೆಯ ಫೈಲು ಕೊಟ್ಟರೂ ಮುಖ ಸಿಂಡರಿಸುವುದಿಲ್ಲ. ಹಾಡಿನ ಹೆಸರಿನ ನಾಲ್ಕಕ್ಷರ ಒತ್ತಿದರೆ ಹುಡುಕಿ ಕೊಡುತ್ತದೆ. ಎಲ್ಲಕ್ಕಿಂತ ದೊಡ್ಡದು, ಹತ್ತಾರು ಕಂಪನಿಗಳ ಮುನ್ನೂರಕ್ಕೂ ಹೆಚ್ಚು ಡಬ್ಬಿಗಳನ್ನು ಅದು ಗುರುತಿಸುತ್ತದೆ. ದೊಡ್ಡ ಊರಿನ ಡಿ.ಜೆ.ಗಳು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಮುರಿಯಲಿ. ಹತ್ತು ಸಾವಿರ ಹಾಡಿನ ನಡುವೆ ಅಜ್ಜ ಕೇಳಿದ ಒಂದು ಹಾಡನ್ನು ಅರ್ಧ ನಿಮಿಷದಲ್ಲಿ ಹುಡುಕಿ ಹಾಕುವ ಕಷ್ಟ ಅವರಿಗಿಲ್ಲ. ಕೇಳಿದ ಹಾಡು ಹಾಕುವುದಿಲ್ಲ ಅಂದರೆ ಕ್ಲಬ್ಬಿನಲ್ಲಿ ಅದು ಗತ್ತು. ಮದುವೆ ಮನೆಯಲ್ಲಿ ಅಂದರೆ ಬಾಕಿ ದುಡ್ಡು ಗೋತಾ.

ಹಳೇ ಹಾಡಿನ ಮಾತು ಬಂತು, ಅಲ್ಲೊಂದು ಸ್ವಾರಸ್ಯವಿದೆ. ಈ ಸಾಫ್ಟ್‌ವೇರುಗಳು ಹಾಡಿನ ತಾಳ ಅಳೆದು ಅದರ ಮೇಲೆ ಗೀಟು ಎಳೆಯುತ್ತವೆ, ಅಡಿಪಟ್ಟಿಯ ಗುರುತಿನ ಹಾಗೆ. ಕಂಪ್ಯೂಟರಿನಲ್ಲೇ ಹುಟ್ಟಿದ ಇವತ್ತಿನ ಹಾಡಿಗೆ ಆ ಗೀಟು ಮೊದಲಿನಿಂದ ಕೊನೆಯವರೆಗೂ ಸರಿಯಾಗಿ ಕೂರುತ್ತದೆ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಕಾಲದ ಹಾಡಿಗೆ? ಮದ್ರಾಸಿನ ಸ್ಟುಡಿಯೋದಲ್ಲಿ ಪಿಟೀಲಿನವರು, ತಬಲಾದವರು, ಕೊಳಲಿನವರು ಒಟ್ಟಿಗೆ ಕೂತು ನುಡಿಸಿದ್ದು ಅದು. ಮನುಷ್ಯರ ಕೈ. ಪಲ್ಲವಿಯಲ್ಲಿ ನಿಮಿಷಕ್ಕೆ 104 ಇದ್ದ ಪೆಟ್ಟು ಚರಣದ ಹುರುಪಿಗೆ 107 ಆಯಿತು ಎಂದಿಟ್ಟುಕೊಳ್ಳಿ. ಕೇಳುವ ಕಿವಿಗೆ ಅದೇ ಸೊಗಸು, ಗೀಟಿಗೆ ಅದೇ ಕಂಟಕ. ಅರ್ಧ ಹಾಡಿಗೆ ಗೀಟು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ. 'ಸಿಂಕ್' ಗುಂಡಿ ಒತ್ತಿದ ಹುಡುಗನ ಮೇಲೆ ಎರಡು ತಮಟೆ ತಂಡ ಎದುರುಬದುರಾಗಿ ಜಗಳಕ್ಕೆ ಬಿದ್ದ ಹಾಗೆ ಸದ್ದು ಏಳುತ್ತದೆ. ಇನ್ನು ತಿಶ್ರ ನಡೆಯ ಜನಪದ ಹಾಡು ಕೊಟ್ಟರಂತೂ ಕೇಳಲೇಬೇಡಿ. ನಾಲ್ಕರ ಎಣಿಕೆಗೆ ಹುಟ್ಟಿದ ಲೆಕ್ಕ ಮೂರರ ನಡೆ ಕಂಡರೆ ತಬ್ಬಿಬ್ಬಾಗುತ್ತದೆ.

ರೆಕಾರ್ಡ್‌ಬಾಕ್ಸಿನಲ್ಲಿ ವೇಗ ಬದಲಾಗುವ ಹಾಡಿಗೆಂದೇ ಬೇರೆ ಬಗೆಯ ಅಳತೆ ಇದೆ. ಸೆರಾಟೊದಲ್ಲಿ ನಡುನಡುವೆ ಗೂಟ ಹೊಡೆದು ಗೀಟು ತಿದ್ದಬಹುದು. ಟ್ರಾಕ್ಟರಿನವರು ಬಾಗುವ ಗೀಟು ಕೊಟ್ಟದ್ದು 2024ರ ನಾಲ್ಕನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಅವರ ಕಣ್ಣಿಗೆ ಲೋಕದ ಹಾಡೆಲ್ಲ ಬರ್ಲಿನ್ನಿನ ಹಾಡೇ. ಕನ್ನಡದ ಹಳೇ ಹಾಡನ್ನು ಚೆನ್ನಾಗಿ ದಾಟಿಸುವ ಹುಡುಗ ಯಾವ ಸಾಫ್ಟ್‌ವೇರ್ ಇಟ್ಟಿದ್ದರೂ ಆ ಹೊತ್ತಿಗೆ ಸಿಂಕ್ ಬಿಟ್ಟು ಕಿವಿ ನಂಬುತ್ತಾನೆ. ಲ್ಯಾಪ್‌ಟಾಪ್ ಒತ್ತೋನು, ಅವನಿಗೇನು ಕೆಲಸ ಅಂತ ಅನ್ನುವವರು ಒಂದು ಸಲ ಹೋಗಿ ನಿಂತು ನೋಡಬೇಕು.

ಅದಿರಲಿ. ವರ್ಚುವಲ್ ಡಿಜೆ ಮದುವೆಗೆ ಒಗ್ಗುತ್ತದೆ ಎಂದಾದರೆ ಹುಡುಗರೆಲ್ಲ ಅದನ್ನೇ ಇಟ್ಟುಕೊಳ್ಳಬಹುದಲ್ಲ, ತಂಟೆ ಯಾಕೆ ಅಂದರೆ, ಕಿತಾಪತಿ ಇರುವುದು ಡಬ್ಬಿಯಲ್ಲಿ. ಅಂಗಡಿಗೆ ಹೋದ ಹುಡುಗ ಕೇಳುವುದು ಡಬ್ಬಿಯ ಬೆಲೆ. ಆ ಡಬ್ಬಿ ಬರುವಾಗಲೇ ಒಂದು ಸಾಫ್ಟ್‌ವೇರಿನ ಜೊತೆ ತಾಳಿ ಕಟ್ಟಿಸಿಕೊಂಡು ಬಂದಿರುತ್ತದೆ. 2018ರಲ್ಲಿ ಪಯೋನಿಯರ್ ಹೆಸರಿನಲ್ಲೇ ಎರಡು ಸಣ್ಣ ಡಬ್ಬಿ ಬಂದವು. ಡಿಡಿಜೆ-400 ರೆಕಾರ್ಡ್‌ಬಾಕ್ಸಿನ ಸೊಸೆ, ಡಿಡಿಜೆ-ಎಸ್‌ಬಿ3 ಸೆರಾಟೊದ ಸೊಸೆ. ನೋಡಲು ಅಕ್ಕತಂಗಿ. ಗುಂಡಿಯ ಮೇಲೆ ಅಚ್ಚು ಹಾಕಿದ ಹೆಸರೂ ಆಯಾ ಮನೆಯದೇ. ಸೆರಾಟೊ ತನ್ನ ಪಟ್ಟಿಯಲ್ಲಿಲ್ಲದ ಡಬ್ಬಿಯನ್ನು ಬಾಗಿಲೊಳಗೇ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಎರಡು ಸಾವಿರ ಕಡಿಮೆಗೆ ಸಿಕ್ಕಿತು ಅಂತ ಒಂದು ಡಬ್ಬಿ ಹಿಡಿದು ಬಂದವನು ಅವತ್ತೇ ಮುಂದಿನ ನಾಲ್ಕೈದು ವರ್ಷದ ಸಾಫ್ಟ್‌ವೇರನ್ನೂ ಹಿಡಿದು ಬಂದಿರುತ್ತಾನೆ. ಎರಡು ವರ್ಷ ಕೂತು ಹಾಕಿದ ಗುರುತುಗಳು, ಕಟ್ಟಿದ ಪಟ್ಟಿಗಳೆಲ್ಲ ಆ ಸಾಫ್ಟ್‌ವೇರಿನ ಭಾಷೆಯಲ್ಲೇ ಇರುತ್ತವೆ. ಬಿಟ್ಟು ಬರುವುದೆಂದರೆ ಹೊಲ ಮನೆ ಬಿಟ್ಟು ಗುಳೆ ಹೋದ ಹಾಗೆ.

ಇದು ಡಿ.ಜೆ. ಹುಡುಗರ ಗೊಣಗಾಟ ಮಾತ್ರ ಅಂತ ತಿಳಿಯಬೇಡಿ. ಒಂದು ದೇಶದ ಸರಕಾರಿ ಆಯೋಗವೇ ಈ ವಿಷಯವನ್ನು ವರ್ಷಗಟ್ಟಲೆ ಜಾಲಾಡಿದೆ. ಪಯೋನಿಯರ್ ಡಿಜೆ ಕಂಪನಿ 2020ರಿಂದ ಆಲ್ಫಾತೀಟಾ ಅನ್ನುವ ಹೆಸರಿನಲ್ಲಿದೆ. ಅವರು 2023ರಲ್ಲಿ ಸೆರಾಟೊವನ್ನೇ ಕೊಳ್ಳಲು ಹೊರಟರು. ಕೊಂಡಿದ್ದರೆ ರೆಕಾರ್ಡ್‌ಬಾಕ್ಸೂ ಅವರದೇ, ಸೆರಾಟೊವೂ ಅವರದೇ, ಅತಿ ಹೆಚ್ಚು ಬಿಕರಿಯಾಗುವ ಡಬ್ಬಿಗಳೂ ಅವರವೇ. ನ್ಯೂಜಿಲೆಂಡಿನ ವಾಣಿಜ್ಯ ಆಯೋಗ 2024ರ ಜುಲೈನಲ್ಲಿ ಒಪ್ಪಿಗೆ ಇಲ್ಲ ಅಂದುಬಿಟ್ಟಿತು. ಪೈಪೋಟಿ ಸಾಯುತ್ತದೆ, ಬೇರೆ ಕಂಪನಿಯ ಡಬ್ಬಿಗಳಿಗೆ ಬಾಗಿಲು ಹಾಕುವ ಅವಕಾಶವಾಗುತ್ತದೆ ಎಂಬ ಆತಂಕ ಅದಕ್ಕೆ. ಮಾತುಕತೆ ಅಲ್ಲಿಗೇ ಮುರಿದುಬಿತ್ತು. ಕುರಿ ಸಾಕುವ ಸಣ್ಣ ದೇಶ ಅಂತ ಹೇಳುತ್ತಾರೆ, ಆದರೆ ಡಬ್ಬಿಗೂ ಸಾಫ್ಟ್‌ವೇರಿಗೂ ಇರುವ ಗಂಟನ್ನು ಅಲ್ಲಿನ ಅಧಿಕಾರಿಗಳು ಕಂಡುಕೊಂಡರು. ಇಲ್ಲಿ ಆ ಗಂಟಿನಲ್ಲಿ ಸಿಕ್ಕಿಬಿದ್ದವರಿಗೇ ಅದು ಕಾಣುತ್ತಿಲ್ಲ.

ಇನ್ನು ಕಾಸಿನ ಮಾತು. ಮನೆಯಲ್ಲಿ ಕಲಿಯಲು ವರ್ಚುವಲ್ ಡಿಜೆ ಪುಕ್ಕಟೆ. ದುಡಿಮೆಗೆ ಬಳಸುವವರು ಮಾತ್ರ ದುಡ್ಡು ಕಟ್ಟಬೇಕು. ತಿಂಗಳ ಬಾಡಿಗೆಯೂ ಉಂಟು, ಒಂದೇ ಸಲ ಕಟ್ಟಿ ಕೈತೊಳೆಯುವುದೂ ಉಂಟು. ಒಂದೇ ಸಲಕ್ಕೆಂದರೆ ರೂಪಾಯಿಯಲ್ಲಿ ಇಪ್ಪತ್ತೈದು ಸಾವಿರ ದಾಟುತ್ತದೆ. ರೆಕಾರ್ಡ್‌ಬಾಕ್ಸಿನವರು 2020ರಲ್ಲಿ ತಿಂಗಳ ಬಾಡಿಗೆಯ ಪದ್ಧತಿ ತಂದರು, ಗೊತ್ತುಮಾಡಿದ ಕೆಲವು ಡಬ್ಬಿ ಇದ್ದವರಿಗೆ ಮಾತ್ರ ರಿಯಾಯಿತಿ. ವರ್ಷದಲ್ಲಿ ಐದಾರು ತಿಂಗಳು ಕೆಲಸ, ಆಷಾಢದಲ್ಲಿ ಪೂರಾ ಖಾಲಿ ಕೂರುವವನು ತಿಂಗಳ ಬಾಡಿಗೆ ಎಲ್ಲಿಂದ ತರಬೇಕು? ಉತ್ತರ ಎಲ್ಲರಿಗೂ ಗೊತ್ತು. ಗೆಳೆಯನ ಪೆನ್‌ಡ್ರೈವಿನಲ್ಲಿ 'ಕ್ರ್ಯಾಕ್' ಮಾಡಿದ ಕಳ್ಳ ಪ್ರತಿ ಇರುತ್ತದೆ. ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅನ್ನುವ ಅರ್ಧ ವಾದ ಅಲ್ಲಿಗೇ ಮುಗಿಯಿತು. ಯಾವುದರ ಕಳ್ಳ ಪ್ರತಿ ಸಲೀಸಾಗಿ ಸಿಗುತ್ತದೋ ಅದೇ ಒಳ್ಳೆಯದು!

ಇದರಲ್ಲಿ ಒಂದು ತಮಾಷೆ ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಮಾರಂಭಗಳಲ್ಲಿ ಹಾಡು ನುಡಿಸಿದರೆ ತಪ್ಪಿಲ್ಲ ಅನ್ನುತ್ತದೆ. ಹಾಡಿಗೆ ಮಾಫಿ. ಆದರೆ ಅದೇ ಹಾಡನ್ನು ನುಡಿಸುವ ಸಾಫ್ಟ್‌ವೇರಿಗೆ ಮಾಫಿ ಇಲ್ಲ. ಅದೇ ಕಾಯ್ದೆಯ 63-ಬಿ ಕಲಮಿನ ಪ್ರಕಾರ ಗೊತ್ತಿದ್ದೂ ಕಳ್ಳ ಪ್ರತಿ ಬಳಸಿದವನಿಗೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ದುಡಿಮೆಗಲ್ಲದೆ ಬಳಸಿದ್ದರೆ ನ್ಯಾಯಾಲಯ ಜೈಲು ಬಿಟ್ಟು ದಂಡದಲ್ಲೇ ಮುಗಿಸಬಹುದು. ಮದುವೆ ಡಿ.ಜೆ. ದುಡಿಮೆಗೆ ಬಳಸಿಲ್ಲ ಅಂತ ಯಾವ ಬಾಯಲ್ಲಿ ಹೇಳಿಯಾನು?

ಜೈಲಿನ ಭಯಕ್ಕಿಂತ ಹತ್ತಿರದ ಭಯ ಇನ್ನೊಂದಿದೆ. ಕಳ್ಳ ಪ್ರತಿ ಇಟ್ಟವನು ಇಂಟರ್‌ನೆಟ್ಟಿಗೆ ಹೆದರುತ್ತಾನೆ. ಸಾಫ್ಟ್‌ವೇರ್ ಹೊಸದು ಮಾಡುವ ಹಾಗಿಲ್ಲ, ಮಾಡಿದರೆ ಬಾಗಿಲು ಹಾಕಿಕೊಳ್ಳುತ್ತದೆ. ಹೊಸ ಡಬ್ಬಿ ತಂದರೆ ಹಳೇ ಪ್ರತಿಗೆ ಅದರ ಗುರುತಿಲ್ಲ. ವೈರಸ್ ಹಿಡಿಯುವುದನ್ನೂ ಆಫ್ ಮಾಡಿಟ್ಟಿರುತ್ತಾನೆ, ಯಾಕೆಂದರೆ ಅದು ಮೊದಲು ಹಿಡಿಯುವುದು ಇವನ ಸಾಫ್ಟ್‌ವೇರನ್ನೇ. ಇದರ ಮೇಲೆ ಈಗ ಹಾಡಿನಿಂದ ಗಾಯನ ಬೇರೆ, ವಾದ್ಯ ಬೇರೆ ಮಾಡುವ ಹೊಸ ಶೋಕಿ ಬಂದಿದೆ. ವರ್ಚುವಲ್ ಡಿಜೆಗೆ 2020ರಲ್ಲಿ, ಸೆರಾಟೊಗೆ 2022ರಲ್ಲಿ ಬಂತು. ಅದಕ್ಕೆ ಬಲವಾದ ಕಂಪ್ಯೂಟರ್ ಬೇಕು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಆ ಗುಂಡಿ ಒತ್ತಿದರೆ ಮೊದಲು ಚರಚರ ಸದ್ದು, ಆಮೇಲೆ ಪರದೆ ಅಲ್ಲಾಡದೆ ನಿಂತುಬಿಡುತ್ತದೆ. ಮುನ್ನೂರು ಜನರೆದುರು ಹಾಡು ನಿಂತಾಗ ಆ ಹುಡುಗನ ಮುಖ ನೋಡಬೇಕು. ಮುಂಗಡ ಕೊಟ್ಟವರು ಬಾಕಿ ಹಿಡಿಯುತ್ತಾರೆ. ಹೂವಿನ ಮಂಟಪಕ್ಕೆ ಲಕ್ಷ ಎಣಿಸಿದವರು ಡಿ.ಜೆ.ಯ ಎರಡು ಸಾವಿರಕ್ಕೆ ಪಂಚಾಯಿತಿ ಕೂರಿಸುತ್ತಾರೆ.

ಮೈಕ್‌ಸೆಟ್ಟಿನ ಕಾಲದ ಹಿರಿಯರನ್ನು ಕೇಳಿದರೆ ಈ ಗೊಂದಲ ಅರ್ಥವಾಗುತ್ತದೆ. ಆಗ ಎಲ್ಲರೂ ಹಿಡಿಯುತ್ತಿದ್ದದ್ದು ಅಹುಜಾ ಆಂಪ್ಲಿಫೈಯರ್. ಅದರಷ್ಟು ಇಂಪು ಬೇರೆ ಇಲ್ಲ ಅಂತಲ್ಲ. ಕೆಟ್ಟರೆ ಊರಿನಲ್ಲೇ ಬಿಚ್ಚಿ ಸರಿಮಾಡುವವರಿದ್ದರು, ಸಾಮಾನು ಸಿಗುತ್ತಿತ್ತು. ಸಾಫ್ಟ್‌ವೇರನ್ನು ಆರಿಸುವ ಲೆಕ್ಕವೂ ಇಲ್ಲಿ ಅದೇ. ಹರಿಹರದ ಹುಡುಗ ವರ್ಚುವಲ್ ಡಿಜೆ ಹಿಡಿದದ್ದು ಕೆಲಸ ಕಲಿಸಿದ ಅಣ್ಣ ಅದನ್ನು ಇಟ್ಟಿದ್ದ ಅಂತ. ರಾತ್ರಿ ಒಂಬತ್ತಕ್ಕೆ ಕೈಕೊಟ್ಟರೆ ಫೋನು ಮಾಡಿ "ಅಣ್ಣಾ, ಎಡಗಡೆ ಡೆಕ್ಕು ಬರವಲ್ದು" ಅಂದರೆ ಆ ಕಡೆಯಿಂದ ಉತ್ತರ ಬರಬೇಕಲ್ಲ? ಸೆರಾಟೊ ಇಟ್ಟವನು ಆಕ್ಲೆಂಡಿಗೆ ಫೋನು ಮಾಡಲಾಗುತ್ತದೆಯೇ? ಅದನ್ನು ದಡ್ಡತನ ಅನ್ನುವ ಹಾಗಿಲ್ಲ. ಸರ್ವಿಸ್ ಇರುವ ಬೈಕು ಕೊಳ್ಳುವವನ ಬುದ್ಧಿ ಅದು.

ಇವರ ಹೆಸರೇ ಇವರಿಗೆ ಶತ್ರು ಅನ್ನುವುದು ಇನ್ನೊಂದು ಕಷ್ಟ. 2025ರ ಗಣೇಶ ಹಬ್ಬದಲ್ಲಿ ದಾವಣಗೆರೆ ಜಿಲ್ಲಾಡಳಿತ ಡಿ.ಜೆ. ಬೇಡ ಅಂದದ್ದು, ಅದರ ಮೇಲೆ ನಡೆದ ರಾಜಕೀಯ ರಂಪ ಎಲ್ಲರಿಗೂ ನೆನಪಿದೆ. 2000ದ ಶಬ್ದಮಾಲಿನ್ಯ ನಿಯಮದಂತೆ ಜನವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಂದ್. ಅದು ಸರಿಯಾದ ನಿಯಮವೇ, ಮನೆಯಲ್ಲಿ ಹೃದಯದ ಕಾಯಿಲೆಯವರು, ಕೂಸುಗಳು ಇರುವವರಿಗೆ ಕೇಳಿ ನೋಡಿ. ಆದರೆ ಕಿಟಕಿ ನಡುಗಿಸುವುದು ಬಾಕ್ಸು ಮತ್ತು ಅದರ ಮಾಲೀಕನ ಹಟ. ಬಾಕ್ಸಿಗೂ ಡಿ.ಜೆ., ಹುಡುಗನಿಗೂ ಡಿ.ಜೆ. ಎಂಬ ಒಂದೇ ಹೆಸರು ಬಿದ್ದು, ಬಾಕ್ಸಿನ ಪಾಪಕ್ಕೆ ಲ್ಯಾಪ್‌ಟಾಪಿನವನೂ ಠಾಣೆಯಲ್ಲಿ ಕೂರಬೇಕಾಗುತ್ತದೆ.

ಈ ಕಸುಬಿಗೆ ಈಗ ಬ್ಯಾಂಕಿನ ಸಾಲವೂ ಹರಿಯುತ್ತಿದೆ. 2015ರಿಂದ ಇರುವ ಮುದ್ರಾ ಯೋಜನೆಯಲ್ಲಿ 50 ಸಾವಿರದವರೆಗಿನ 'ಶಿಶು' ಸಾಲಕ್ಕೆ ಅಡಮಾನ ಬೇಕಿಲ್ಲ. ಅರ್ಜಿಗೆ ಅಂಟಿಸುವ ಕೊಟೇಶನ್ನಿನಲ್ಲಿ ಬಾಕ್ಸು, ಆಂಪ್ಲಿಫೈಯರು, ಡಬ್ಬಿ, ಲೈಟು, ವೈರು ಎಲ್ಲಕ್ಕೂ ಒಂದೊಂದು ಸಾಲು. ಸಾಫ್ಟ್‌ವೇರಿಗೆ ಸಾಲಿಲ್ಲ! ದರ್ಜಿಗೆ ಸಾಲ ಕೊಡುವ ಬ್ಯಾಂಕಿನವರು ಹೊಲಿಗೆ ಯಂತ್ರ ಬರೆದು ಸೂಜಿ ಮರೆಯುತ್ತಾರೆಯೇ? ಆ ಒಂದು ಸಾಲು ಇದ್ದರೆ ಹುಡುಗ ಕಳ್ಳ ಪ್ರತಿಗೆ ಕೈಯೊಡ್ಡುವುದು ತಪ್ಪುತ್ತದೆ, ಕೊಳ್ಳುವ ಮೊದಲೇ ಯಾವ ಡಬ್ಬಿಗೆ ಯಾವುದು ಅನ್ನುವ ಲೆಕ್ಕವೂ ಬೀಳುತ್ತದೆ. ವ್ಯವಸ್ಥಾಪಕರಿಗೆ ಇದು ತಿಳಿಯದಿದ್ದರೆ ಅರ್ಜಿ ಬರೆಸುವ ಹುಡುಗರೇ ತಿಳಿಸಬೇಕು.

ಅಂಗಡಿಯವರ ಮಾತು ಬೇರೆ. "ತಗೊಂಡ್ ಹೋಗು, ಎಲ್ಲಾ ಸಾಫ್ಟ್‌ವೇರೂ ನಡೀತತಿ" ಎಂಬ ಬಾಯಿಮಾತಿಗೆ ಮೂವತ್ತು ಸಾವಿರ ಎಣಿಸಿಕೊಟ್ಟು ಬರುವ ಹುಡುಗರಿದ್ದಾರೆ. ಹೊಸ ಡಬ್ಬಿಗಳಲ್ಲಿ ಕೆಲವು, ಉದಾಹರಣೆಗೆ ಡಿಡಿಜೆ-ಎಫ್‌ಎಲ್‌ಎಕ್ಸ್4, ರೆಕಾರ್ಡ್‌ಬಾಕ್ಸಿಗೂ ಸೆರಾಟೊದ ಸಣ್ಣ ಆವೃತ್ತಿಗೂ ಒಗ್ಗುತ್ತವೆ. ಎಲ್ಲ ಡಬ್ಬಿಯೂ ಹಾಗಲ್ಲ. ಯಾವ ಸಾಫ್ಟ್‌ವೇರ್ ಪುಕ್ಕಟೆ ತೆರೆಯುತ್ತದೆ, ಯಾವುದಕ್ಕೆ ಮೇಲೆ ಎಷ್ಟು ಕಟ್ಟಬೇಕು, ತಿಂಗಳಿಗೋ ಒಂದೇ ಸಲಕ್ಕೋ, ಈ ಮೂರನ್ನು ಬಿಲ್ಲಿನ ಹಿಂದೆ ಬರೆದು ಸೀಲು ಒತ್ತಿಸಿಕೊಳ್ಳಲಿ. ಬರೆದುಕೊಡಲು ಒಲ್ಲೆ ಅನ್ನುವ ಅಂಗಡಿಯ ಎದುರಿಗೆ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ.